ಕಮಾಂಡೋ ಆಗಬೇಕೆನ್ನುವ ಹುಡುಗರ ಮನೆಯವರಿಗೆ

'ಎನ್‌ಎಸ್‌ಜಿ ಭರ್ತಿ, ಪ್ಯಾರಾ ಕಮಾಂಡೋ ಭರ್ತಿ' ಎಂದು ಬೋರ್ಡು ಹಾಕಿ ಹಳ್ಳಿ ಹುಡುಗರಿಂದ ಫೀಸು ಕಟ್ಟಿಸಿಕೊಳ್ಳುವುದು ನಿಲ್ಲಬೇಕು. ಎನ್‌ಎಸ್‌ಜಿ ಎಂದರೆ ಭಯೋತ್ಪಾದಕರನ್ನು ಎದುರಿಸುವ ಕೇಂದ್ರದ ರಾಷ್ಟ್ರೀಯ ಭದ್ರತಾ ಪಡೆ. ಅದರ ಕಮಾಂಡೋ ಆಗಲು ನೇರ ಭರ್ತಿಯೇ ಇಲ್ಲ. ಸೇನೆಯಲ್ಲೋ ಅರೆಸೇನಾ ಪಡೆಯಲ್ಲೋ ಇದ್ದವರು ಡೆಪ್ಯುಟೇಷನ್ (ನಿಯೋಜನೆ) ಮೇಲೆ ಅಲ್ಲಿಗೆ ಹೋಗುತ್ತಾರೆ. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮೂಲತಃ ಬಿಹಾರ್ ರೆಜಿಮೆಂಟಿನ ಅಧಿಕಾರಿ. 2008ರ ಮುಂಬೈ ದಾಳಿಯಲ್ಲಿ ಉಗ್ರರನ್ನು ಎದುರಿಸಲು ತಾಜ್ ಹೋಟೆಲಿಗೆ ನುಗ್ಗಿದಾಗ ಎನ್‌ಎಸ್‌ಜಿಯ 51 ಎಸ್‌ಎಜಿ ಎಂಬ ಕಾರ್ಯಾಚರಣೆ ತುಕಡಿಯಲ್ಲಿದ್ದರು.

ಪ್ಯಾರಾ ಕಮಾಂಡೋಗಳೆಂದರೆ ಪ್ಯಾರಾ ಎಸ್‌ಎಫ್, ಅಂದರೆ ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಯವರು. ಆ ದಾರಿಯೂ ಸುತ್ತಿನದೇ. ಮೊದಲು ಅಗ್ನಿಪಥ ಯೋಜನೆಯಡಿ ಸೇನೆಗೆ ಸೇರಿ ಅಗ್ನಿವೀರ್ ಆಗಬೇಕು: ಆನ್‌ಲೈನ್ ಪರೀಕ್ಷೆ, ಆಮೇಲೆ ರ್‍ಯಾಲಿಯಲ್ಲಿ 1.6 ಕಿ.ಮೀ. ಓಟ, ಪುಲ್ಅಪ್, 9 ಅಡಿ ಹಳ್ಳ ಜಿಗಿತ, ಮೆಡಿಕಲ್. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಬೇರೆ ರೆಜಿಮೆಂಟಿನವರೂ ಸ್ವಇಚ್ಛೆಯಿಂದ ಮುಂದೆ ಬರಬಹುದು. ಮುಂದಿನದು ಪ್ರೊಬೇಷನ್, ಅಂದರೆ ಎಸ್‌ಎಫ್‌ಗೆ ತಕ್ಕವರನ್ನು ಆರಿಸುವ ಕಠಿಣ ಪರೀಕ್ಷಾ ಅವಧಿ. ಅಲ್ಲಿ ಬಹುಪಾಲು ಮಂದಿ ಉಳಿಯುವುದಿಲ್ಲ. ಆಗ್ರಾದಲ್ಲಿ 5 ಜಿಗಿತ ಮುಗಿಸಿದರೆ ರೆಕ್ಕೆಯ ಬ್ಯಾಡ್ಜು. 'ಬಲಿದಾನ' ಬ್ಯಾಡ್ಜು ಎಸ್‌ಎಫ್‌ನವರಿಗೆ ಮಾತ್ರ. ಪ್ರೊಬೇಷನ್‌ನಿಂದ ವಾಪಸಾದವನು ಬೇರೆ ಪಲ್ಟನ್ನಿನಲ್ಲಿ ಒಳ್ಳೆಯ ಸೈನಿಕನಾಗಿಯೇ ಮುಂದುವರಿಯುತ್ತಾನೆ, ಊರಿನವರು ಅದನ್ನು ಸೋಲು ಎನ್ನಬಾರದು.

ಹುಡುಗರು ಎಡವುವುದು ತಯಾರಿಯಲ್ಲಿ. ರ್‍ಯಾಲಿ ಕೇಳುವುದು ಐದಾರು ನಿಮಿಷದ ವೇಗ. ಪ್ರೊಬೇಷನ್ ಕೇಳುವುದು ನಿದ್ದೆಗೆಟ್ಟ ಮೇಲೂ ಹೆಗಲ ಹೊರೆಯೊಂದಿಗೆ ಹತ್ತಾರು ಕಿ.ಮೀ. ನಡೆಯುವ ಕಾಲು. ಇದು ಗೊತ್ತಾದ ದಿನವೇ ಕೆಲವರು 20 ಕೆ.ಜಿ. ಮರಳುಚೀಲ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಓಡುತ್ತಾರೆ. ಉಸಿರು, ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ, ಮೂಳೆಗೆ ತಿಂಗಳುಗಳು ಬೇಕು. ಆ ಅಂತರದಲ್ಲೇ ಮೊಣಕಾಲಿನ ಕೆಳಗಿನ ಮೂಳೆ ಕೂದಲೆಳೆಯಷ್ಟು ಸೀಳುತ್ತದೆ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಮೂಳೆಯ ಒಂದೇ ಜಾಗವನ್ನು ಒತ್ತಿದಾಗ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ನೋವಿನ ಗುಳಿಗೆ ನುಂಗಿ ಓಡಿದರೆ ಸೀಳು ಪೂರ್ತಿ ಮುರಿತವಾಗಬಹುದು.

ವಾರಕ್ಕೆ ಎರಡು ದಿನ, 5 ಕೆ.ಜಿ.ಯಿಂದ ಶುರು ಮಾಡಿ. ಮಣ್ಣಿನ ದಾರಿಯಲ್ಲಿ ನಡೆಯಿರಿ, ಓಡಬೇಡಿ. ಮೊದಲು ದೂರ ಹೆಚ್ಚಲಿ, ತೂಕ ಆಮೇಲೆ. ಎರಡನ್ನೂ ಒಂದೇ ವಾರ ಏರಿಸಬೇಡಿ. ಬಿಸಿಲಲ್ಲಿ ನೀರು ಬಿಟ್ಟು ಓಡುವುದು ಗಟ್ಟಿತನವಲ್ಲ, ಜೀವಕ್ಕೇ ಅಪಾಯ. ಈಜು ಈಗಲೇ ಕಲಿಯಿರಿ. ಹಿಂದಿಯನ್ನೂ ಅಷ್ಟೇ: ಪಾಠ, ಆಜ್ಞೆ ಎರಡೂ ಅದರಲ್ಲೇ ಬರುತ್ತವೆ, ಸುಸ್ತಾದ ಹೊತ್ತಿನಲ್ಲಿ ಅರ್ಥ ಹುಡುಕುತ್ತಾ ನಿಲ್ಲಲಾಗದು.

ಅಗ್ನಿವೀರರ ಅವಧಿ 4 ವರ್ಷ. ಕಾಯಂ ಆಗುವವರು ಗರಿಷ್ಠ 25%. ಒಬ್ಬ ಎಸ್‌ಎಫ್ ಸೈನಿಕ ಪಕ್ವವಾಗಲು ವರ್ಷಗಳೇ ಹಿಡಿಯುವಾಗ, ಅಲ್ಲಿ ಉಳಿದು ಗೆದ್ದವರಿಗೆ ಈ ಮಿತಿ ಸಡಿಲಿಸಲೇಬೇಕು ಎಂಬುದು ನನ್ನ ನಿಲುವು.