ಐದು ನಿಮಿಷ, ಫೈವ್ ಮಿನಿಟ್ಸ್

ವೇಲ್ಸ್‌ನ ಕಾರ್ಡಿಫ್‌ನಲ್ಲಿ ನೆಲೆಸಿರುವ ನನ್ನ ಬಳಿಗೆ, ಇಲ್ಲಿ ಓದಲು ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕೆಲಸದ ಅರ್ಜಿಯನ್ನು ಕಳಿಸುವ ಮುನ್ನ ಒಮ್ಮೆ ನೋಡಿಕೊಡಿ ಎಂದು ತರುವುದುಂಟು. ಅವರ ವಿಷಯಜ್ಞಾನದಲ್ಲಿ ಕೊರತೆಯಿರುವುದಿಲ್ಲ. ಆದರೆ ‘ಒನ್ ಆಫ್ ಮೈ ಪ್ರಾಜೆಕ್ಟ್’ ಎಂಬ ಮಾತು ಎಲ್ಲೋ ಒಂದು ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ. ಅದು ‘ಪ್ರಾಜೆಕ್ಟ್ಸ್’ ಎಂದಿರಬೇಕು. ಇದನ್ನು ಬರಿಯ ಅಜಾಗರೂಕತೆ ಎಂದು ಗದರಿಸುವುದನ್ನು ನಾನು ಒಪ್ಪುವುದಿಲ್ಲ.

ನಾವು ‘ಹತ್ತು ರೂಪಾಯಿ’, ‘ಐದು ನಿಮಿಷ’, ‘ನಾಲ್ಕು ತೆಂಗಿನಕಾಯಿ’ ಎನ್ನುತ್ತೇವೆ. ಎಣಿಕೆಯ ಪದವೇ ಬಹುತ್ವವನ್ನು ಹೇಳಿರುವುದರಿಂದ ‘ಗಳು’ ಹಚ್ಚುವ ಅಗತ್ಯ ಬೀಳದು. ಮನುಷ್ಯರ ವಿಷಯದಲ್ಲಿ ಮಾತ್ರ ‘ಮೂವರು ಹುಡುಗರು’ ಎಂದೇ ಆಗಬೇಕು. ವೆಲ್ಷ್ ನುಡಿಯಲ್ಲೂ ಸಂಖ್ಯೆಯ ಬೆನ್ನಿಗೆ ಏಕವಚನವೇ ಬರುತ್ತದೆ: ನನ್ನ ನೆರೆಯವರು ಐದು ನಿಮಿಷಕ್ಕೆ ‘ಪಿಮ್ ಮಿನಿಡ್’ ಎನ್ನುತ್ತಾರೆಯೇ ಹೊರತು ಬಹುವಚನದ ‘ಮಿನಿಡೈ’ಯನ್ನು ಅಲ್ಲಿ ತರುವುದಿಲ್ಲ. ಇದನ್ನು ಮೊದಲ ಸಲ ಗಮನಿಸಿದಾಗ ನನಗಾದ ಸಂತೋಷ ಸಣ್ಣದಲ್ಲ. ಇಂಗ್ಲಿಷ್ ಕೂಡ ‘ಟೆನ್ ಪೌಂಡ್ಸ್’ ಎಂದರೂ ನೋಟಿನ ಮಾತು ಬಂದಾಗ ‘ಟೆನ್ ಪೌಂಡ್ ನೋಟ್’ ಎನ್ನುತ್ತದೆ.

‘ಎಸ್ ಸೇರಿಸಿ’ ಎಂದಷ್ಟೇ ಹೇಳಿಕೊಟ್ಟರೆ ಅದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕನ್ನಡದಲ್ಲಿ ‘ನನ್ನ ಒಬ್ಬ ಗೆಳೆಯ’ ಎನ್ನಬಹುದು, ‘ನನ್ನ ಗೆಳೆಯರಲ್ಲಿ ಒಬ್ಬ’ ಎಂದೂ ಎನ್ನಬಹುದು. ‘ಒನ್ ಆಫ್’ ಎಂಬುದು ಎರಡನೆಯದಕ್ಕೆ ಸಮ. ಒಬ್ಬನನ್ನು ಆರಿಸಬೇಕಾದರೆ ಗುಂಪು ಇರಲೇಬೇಕಾದ್ದರಿಂದ ‘ಗೆಳೆಯನಲ್ಲಿ ಒಬ್ಬ’ ಎಂಬುದು ಯಾವ ಕನ್ನಡಿಗನ ಕಿವಿಗೂ ಒಗ್ಗದು. ಆದರೂ ‘ಗೆಳೆಯರಲ್ಲಿ ಒಬ್ಬ ಬಂದಿದ್ದಾನೆ’ ಎಂದು ಕ್ರಿಯಾಪದವನ್ನು ಏಕವಚನದಲ್ಲೇ ಇಡುತ್ತೇವೆ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’ ಎಂಬಲ್ಲಿರುವುದೂ ಅದೇ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್’ ಮತ್ತು ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್’ ಇವುಗಳ ಗೊಂದಲವೂ ‘ಹಲವು ವಿದ್ಯಾರ್ಥಿಗಳು ಬಂದಿದ್ದಾರೆ’, ‘ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದೆ’ ಎಂದು ಹೇಳಿಕೊಂಡರೆ ಬಗೆಹರಿಯುತ್ತದೆ. ಲಗೇಜ್, ಫರ್ನಿಚರ್, ಅಡ್ವೈಸ್‌ಗಳಿಗೆ ಮಾತ್ರ ಕನ್ನಡದ ನೆರವಿಲ್ಲ. ಅವು ಬಹುವಚನವನ್ನು ಒಲ್ಲವೆಂದು ನೆನಪಿಟ್ಟುಕೊಳ್ಳಲೇಬೇಕು.

ಮೊನ್ನೆ ಬಂದಿದ್ದ ಹುಡುಗಿಯೊಬ್ಬಳಿಗೆ ನಾನು ಏನನ್ನೂ ತಿದ್ದದೆ, ಆ ಸಾಲನ್ನು ಕನ್ನಡದಲ್ಲಿ ಹೇಳಮ್ಮ ಎಂದೆ. ‘ನಾನು ಮಾಡಿದ ಪ್ರಾಜೆಕ್ಟುಗಳಲ್ಲಿ ಒಂದು’ ಎಂದವಳು ಅಲ್ಲಿಗೇ ನಿಂತು, ಪೆನ್ನು ತೆಗೆದುಕೊಂಡು, ನಾನು ಗಮನಿಸದೆ ಬಿಟ್ಟಿದ್ದ ಇನ್ನೊಂದು ಸಾಲನ್ನೂ ತಾನೇ ಸರಿಪಡಿಸಿದಳು.