ಸಾಕು ಹಾವಿಗೆ ರ‍್ಯಾಕಿನ ಡಬ್ಬಿ ಸರಿಯೇ?

ಪರ

ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಬಿಡಲೂಬಾರದು. ಇಲ್ಲಿ ಹೇಳುತ್ತಿರುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ, ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನ ವಿಷಯ. ಅದನ್ನು ರ‍್ಯಾಕಿನಲ್ಲಿ, ಎಂದರೆ ಮೇಜಿನ ಖಾನೆಯಂತೆ ಹೊರಗೆಳೆಯುವ ಡಬ್ಬಿಗಳಿರುವ ಕಪಾಟಿನಲ್ಲಿ, ಇಡಬಹುದೇ ಎಂಬುದು ಪ್ರಶ್ನೆ.

ತನ್ನ ನಾಡಿನಲ್ಲಿ ಈ ಹಾವು ಹಗಲಿಡೀ ಇಲಿಬಿಲದಲ್ಲೋ ಹುತ್ತದಲ್ಲೋ ಸುರುಳಿ ಸುತ್ತಿ ಮಲಗಿರುತ್ತದೆ. ಅದನ್ನು ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿಟ್ಟು ಹಜಾರದ ನಡುವೆ ನಿಲ್ಲಿಸಿದರೆ ಬೆದರಿ ವಾರಗಟ್ಟಲೆ ಆಹಾರ ಮುಟ್ಟದೆ ಇರಬಹುದು. ಕತ್ತಲೆಯ ಡಬ್ಬಿಗೆ ಬಂದ ಮೇಲೆ ಅದೇ ಹಾವು ಇಲಿ ನುಂಗಿದ್ದನ್ನು ಸಾಕುವವರು ಎಷ್ಟೋ ಮಂದಿ ಕಂಡಿದ್ದಾರೆ.

ರ‍್ಯಾಕ್ ಕಟ್ಟುವಾಗ ಅಳತೆಯೇ ಮುಖ್ಯ. ಡಬ್ಬಿಗೆ ಬೇರೆ ಮುಚ್ಚಳವಿಲ್ಲ, ಮೇಲಿನ ಹಲಗೆಯೇ ಮುಚ್ಚಳ. ಡಬ್ಬಿಯ ಅಂಚಿಗೂ ಹಲಗೆಗೂ ನಡುವಿನ ಸಂದಿ ಎರಡು-ಮೂರು ಮಿಲಿಮೀಟರ್ ದಾಟಿದರೆ ಮರಿ ತಲೆ ತೂರಿಸುತ್ತದೆ. ತಲೆ ಹೋದಲ್ಲಿ ಮೈಯೂ ಹೋಗುತ್ತದೆ. ಬರೀ ಪ್ಲೈವುಡ್ ಮಳೆಗಾಲದಲ್ಲಿ ಉಬ್ಬಿ ಡಬ್ಬಿಗಳನ್ನು ಕಚ್ಚಿ ಹಿಡಿಯುತ್ತದೆ, ಆದ್ದರಿಂದ ಲ್ಯಾಮಿನೇಟ್ ಹೊದಿಸಿದ ಹಲಗೆಯೋ ಪಿವಿಸಿ ಹಲಗೆಯೋ ಬೇಕು. ಹಿಂಬದಿಗೆ ಹೀಟ್ ಟೇಪ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿ: ಬೆಚ್ಚನೆಯ ಕಡೆ 31-32 ಡಿಗ್ರಿ, ತಣ್ಣನೆಯ ಕಡೆ 25-27. ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅದಿಲ್ಲದೆ ಟೇಪಿಗೆ ವಿದ್ಯುತ್ ಕೊಡಲೇಬೇಡಿ. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಹಾವು ಜಾಗ ಬಿಟ್ಟು ಸರಿಯದೆ ಇರಬಹುದು.

ಡಿಸೆಂಬರಿನ ಬೆಂಗಳೂರಿನಲ್ಲಿ ದೊಡ್ಡ ಗಾಜಿನ ಪೆಟ್ಟಿಗೆಯನ್ನು ರಾತ್ರಿಯಿಡೀ ಬೆಚ್ಚಗಿಡುವುದು ದುಬಾರಿ. ರ‍್ಯಾಕಿಗೆ ಅಲ್ಪ ವಿದ್ಯುತ್ ಸಾಕು, ಕರೆಂಟ್ ಹೋದರೆ ಇನ್ವರ್ಟರ್ ನಿಭಾಯಿಸುತ್ತದೆ. ಬಾಡಿಗೆ ಮನೆಯ ಒಂದು ಮೂಲೆಯಲ್ಲಿ ಹಾವು ಸುರಕ್ಷಿತವಾಗಿರುತ್ತದೆ.

ವಿರೋಧ

ಬಿಲದ ಮಾತು ಅರ್ಧ ಸತ್ಯ. ಕತ್ತಲಾದ ಮೇಲೆ ಬಾಲ್ ಪೈಥಾನ್ ಬಿಲ ಬಿಟ್ಟು ಹರಿದಾಡುತ್ತದೆ, ಮರ ಹತ್ತುತ್ತದೆ, ಹಕ್ಕಿಯನ್ನೂ ಹಿಡಿಯುತ್ತದೆ. ಬಿಲದಿಂದ ಯಾವಾಗ ಹೊರಡಬೇಕೆಂದು ಹಾವೇ ತೀರ್ಮಾನಿಸುತ್ತದೆ. ಡಬ್ಬಿಯನ್ನು ಎಳೆಯುವವರು ನಾವು. ನಾಲ್ಕಡಿಯ ಹೆಣ್ಣು ಹಾವು ಎರಡೂವರೆ ಅಡಿಯ ಡಬ್ಬಿಯಲ್ಲಿ ಒಮ್ಮೆಯೂ ಮೈಚಾಚಿ ಮಲಗಲಾರದು. ಡಬ್ಬಿ ಎಳೆದು ನೋಡಿದರೆ ಕಾಣುವುದಿಷ್ಟು: ಹಾಸಿದ ಹಳೆಯ ಪತ್ರಿಕೆ, ನೀರಿನ ಬಟ್ಟಲು, ಕೆಲವೊಮ್ಮೆ ಅಂಚಿಗೆ ಉಜ್ಜಿ ಉಜ್ಜಿ ಹುಣ್ಣಾದ ಮೂತಿ. ಇಲಿ ನುಂಗಿತು ಎಂದ ಮಾತ್ರಕ್ಕೆ ಹಾವು ನೆಮ್ಮದಿಯಾಗಿದೆ ಎಂದು ನಾನು ಒಪ್ಪುವುದಿಲ್ಲ. ಗಾಜಿಗೆ ಬೆದರುವುದಾದರೆ ಮೂರು ಬದಿ ಮುಚ್ಚಿ, ಒಳಗೆ ಎರಡು ಅಡಗುತಾಣ ಇಟ್ಟರಾಯಿತು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಒಂದೇ ಕೋಣೆಯಲ್ಲಿ ಹತ್ತಾರು ಹಾವುಗಳಿಂದ ಮರಿ ಮಾಡಿಸಿ ಮಾರುವವರಿಗೆ ರ‍್ಯಾಕಿನಷ್ಟು ಅನುಕೂಲದ ವ್ಯವಸ್ಥೆ ಇನ್ನೊಂದಿಲ್ಲ. ಮನೆಯಲ್ಲಿ ಡಬ್ಬಿಯೊಂದು ಖಾಲಿ ಇದ್ದರೆ ಹೊಸ ಬಣ್ಣದ ಹಾವಿನ ಆಸೆ ಹುಟ್ಟುತ್ತದೆ. ಆ ಆಸೆಗೆಂದೇ ಬೆಳೆಸಿದ ಸ್ಪೈಡರ್ ತಳಿಯ ಹಾವುಗಳಿಗೆ ಹುಟ್ಟಿನಿಂದಲೇ ನರದ ತೊಂದರೆ. ತಲೆ ಹಿಡಿತ ತಪ್ಪಿ ತೂಗಾಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ಕೊಳ್ಳುವವರಿಲ್ಲದೆ ಯಾರೂ ಹಾಗೆ ತುಂಬಿ ತರುವುದಿಲ್ಲ.

ಮರಿಗೆ, ಚಿಕಿತ್ಸೆಯಲ್ಲಿರುವ ಹಾವಿಗೆ, ಹೊಸದಾಗಿ ಬಂದದ್ದಕ್ಕೆ ಕೆಲವು ವಾರ ಡಬ್ಬಿ ಇರಲಿ. ಬೆಳೆದ ಹಾವಿಗೆ ಅದರ ಮೈಯುದ್ದದ ಪೆಟ್ಟಿಗೆ, ಹತ್ತಲು ಒಂದು ಕೊಂಬೆ ಬೇಕು. ಅಷ್ಟು ಜಾಗ ಮನೆಯಲ್ಲಿ ಇಲ್ಲದವರು ಹಾವು ತರಬಾರದು.