ಪಾಚಿ ತಡೆಯಲು ರಂಜಕವೊಂದನ್ನು ಹಿಡಿದರೆ ಸಾಕೇ?

ಪರ

ಸಾಕು. ಕೊಳಚೆ, ಗೊಬ್ಬರಗಳಿಂದ ನೀರಿಗೆ ಸೇರುವ ಪೋಷಕಗಳಲ್ಲಿ ರಂಜಕವನ್ನು (ಫಾಸ್ಫರಸ್) ತಡೆದರೆ ಪಾಚಿ ತಗ್ಗುತ್ತದೆ ಎಂಬ ವಾದಕ್ಕೆ ಸಾಕ್ಷಿಯಾಗಿ ಒಂದು ಇಡೀ ಸರೋವರವೇ ಇದೆ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳು ‘226ನೇ ಸರೋವರ’ದ ನಡುವೆ ಪರದೆ ಕಟ್ಟಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಸುರಿದರು, ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ ಸುರಿದರು. ನೀಲಿ-ಹಸಿರು ಪಾಚಿ ಉಕ್ಕಿದ್ದು ರಂಜಕ ಬಿದ್ದ ಪಾಲಿನಲ್ಲಿ.

ಕಾರಣ ಜೀವಿಯ ಒಳಗೇ ಇದೆ. ನೀಲಿ-ಹಸಿರು ಪಾಚಿ ಎಂದು ಕರೆಯುವ ಸಯನೋಬ್ಯಾಕ್ಟೀರಿಯಾಗಳಲ್ಲಿ ಅನಬೀನದಂಥವು ನೀರಿನಲ್ಲಿ ಸಾರಜನಕ ಸಾಲದಿದ್ದರೆ ಗಾಳಿಯದನ್ನೇ ಸ್ಥಿರೀಕರಿಸಿಕೊಳ್ಳುತ್ತವೆ, ಅಂದರೆ ಬಳಸಬಲ್ಲ ರೂಪಕ್ಕೆ ತಂದುಕೊಳ್ಳುತ್ತವೆ. ಹೆಟೆರೊಸಿಸ್ಟ್ ಎಂಬ ದಪ್ಪಗೋಡೆಯ ಕೋಶ ಇರುವುದೇ ಅದಕ್ಕೆ. ರಂಜಕಕ್ಕೆ ಅಂಥ ಉಗ್ರಾಣ ಗಾಳಿಯಲ್ಲಿಲ್ಲ. ಸಾರಜನಕವನ್ನಷ್ಟೇ ಕಡಿದರೆ ಉಳಿದ ಪಾಚಿಗಳು ಸೊರಗಿ, ಇವಕ್ಕೆ ಹಾದಿ ಸುಗಮವಾಗುತ್ತದೆ. ‘227ನೇ ಸರೋವರ’ಕ್ಕೆ 1990ರಿಂದ ಸಾರಜನಕ ಹಾಕುವುದನ್ನು ನಿಲ್ಲಿಸಿ, ರಂಜಕವನ್ನು ಮಾತ್ರ ಮುಂದುವರಿಸಿದರು. ಆದರೂ ಅದು ಹಸಿರಾಗಿಯೇ ಉಳಿಯಿತು.

ಸಿಯಾಟಲ್‌ನ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆ ನೀರನ್ನು 1963ರಿಂದ 1968ರ ನಡುವೆ ಬೇರೆಡೆಗೆ ತಿರುಗಿಸಲಾಯಿತು. ಕೊಳಚೆಯಲ್ಲಿ ಸಾರಜನಕವೂ ಇತ್ತಲ್ಲ ಎಂದು ಕೇಳಬಹುದು. ಇತ್ತು, ಆದರೆ ಸರೋವರದಲ್ಲಿ ತೀವ್ರವಾಗಿ ಇಳಿದದ್ದು ರಂಜಕ, ನೈಟ್ರೇಟ್ ಅಷ್ಟಾಗಿ ಇಳಿಯಲಿಲ್ಲ. ನೀರು ಮಾತ್ರ ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ಮೇಲಾಗಿ ಕಬ್ಬಿಣ ಅಥವಾ ಅಲ್ಯೂಮಿನಿಯಂ ಲವಣ ಹಾಕಿದರೆ ಕೊಳಚೆಯ ರಂಜಕ ತಳಕ್ಕಿಳಿಯುತ್ತದೆ. ಸಾರಜನಕ ತೆಗೆಯುವುದು ಇದಕ್ಕಿಂತ ದುಬಾರಿ.

ವಿರೋಧ

ಹೆಟೆರೊಸಿಸ್ಟ್ ಕಥೆ ಸೊಗಸಾಗಿದೆ. ಆದರೆ ಕುಡಿಯುವ ನೀರಿಗೆ ಪದೇ ಪದೇ ಕಾಟ ಕೊಡುವ ಮೈಕ್ರೊಸಿಸ್ಟಿಸ್ ಎಂಬ ಇನ್ನೊಂದು ಸಯನೋಬ್ಯಾಕ್ಟೀರಿಯಾಕ್ಕೆ ಆ ಕೋಶವೇ ಇಲ್ಲ. ಗಾಳಿಯ ಸಾರಜನಕವನ್ನು ಅದು ಬಳಸಲಾರದು. ಹೊಲಗಳಿಂದ ಹರಿದುಬರುವ ಯೂರಿಯಾ, ಅಮೋನಿಯಂ, ನೈಟ್ರೇಟ್‌ಗಳೇ ಅದಕ್ಕೆ ಆಹಾರ. ಅದರ ವಿಷವಾದ ಮೈಕ್ರೊಸಿಸ್ಟಿನ್-ಎಲ್‌ಆರ್‌ನ ಪ್ರತಿ ಅಣುವಿಗೂ ಸಾರಜನಕದ 10 ಪರಮಾಣುಗಳು ಬೇಕು. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ದಡದಲ್ಲಿರುವ ಅಮೆರಿಕದ ಟೊಲೆಡೊ ನಗರದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ನಲ್ಲಿ ನೀರು ಕುಡಿಯದಂತೆ ಮಾಡಿದ್ದು ಇದೇ ವಿಷ. ಈರಿಗೆ ರಂಜಕದ ಮಿತಿ ಬಂದದ್ದು 1972ರಲ್ಲಿ! ಆ ಮಿತಿಯಿಂದ ಮೊದಲು ಉಪಕಾರವಾದದ್ದು ನಿಜ. 1990ರ ದಶಕದ ನಂತರ ಪಾಚಿ ಮರಳಿದ್ದರಲ್ಲಿ ಹೊಲಗಳಿಂದ ಬಂದ ಕರಗಿದ ರಂಜಕದ ಪಾತ್ರವನ್ನೂ ಅಲ್ಲಗಳೆಯುವುದಿಲ್ಲ. ಆದರೆ ಪಾಚಿ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಎಷ್ಟು ವಿಷಕಾರಿ ಎಂಬುದು ಇನ್ನೊಂದು. ಎರಡನೆಯದಕ್ಕೆ ರಂಜಕದ ಲೆಕ್ಕವೊಂದೇ ಸಾಲದು.

ಹಳೆಯ ಕೆಸರಿನ ವಿಚಾರವನ್ನು ಪರವಾದಿಗಳು ಎತ್ತುವುದೇ ಇಲ್ಲ. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದಾಗ, ಕಬ್ಬಿಣಕ್ಕೆ ಅಂಟಿಕೊಂಡು ದಶಕಗಳಿಂದ ಕೆಸರಿನಲ್ಲಿದ್ದ ರಂಜಕ ಬಿಡುಗಡೆಯಾಗಿ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸಿ ಹೊರಗಟ್ಟುತ್ತವೆ. ಆಗ ಕೊರತೆ ಬೀಳುವುದು ಸಾರಜನಕಕ್ಕೆ. ಚೀನಾದ ತೈಹು ಸರೋವರದ ಪ್ರಯೋಗಗಳಲ್ಲೂ ಬೇಸಿಗೆಯಲ್ಲಿ ಸಾರಜನಕ ಸೇರಿಸಿದಾಗ ಪಾಚಿ ಹೆಚ್ಚಿತು. ಇನ್ನು ಸ್ಥಿರೀಕರಣವೇನೂ ಪುಕ್ಕಟೆಯಲ್ಲ. ಒಂದು ಸಾರಜನಕ ಅಣುವಿಗೆ ಜೀವಕೋಶವು ತನ್ನ ಶಕ್ತಿಯ ನಾಣ್ಯವಾದ ಎಟಿಪಿ ಅಣುಗಳನ್ನು ಕನಿಷ್ಠ 16 ತೆರಬೇಕು, ಬೆಳಕು, ಕಬ್ಬಿಣ, ಮಾಲಿಬ್ಡಿನಂ ಕೂಡ ಬೇಕು.

ರಂಜಕವನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದನ್ನಷ್ಟೇ ಹಿಡಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಉತ್ತರ ಕೆರೊಲಿನಾದ ನ್ಯೂಸ್ ನದಿಯಲ್ಲಿ ನೋಡಬಹುದು. ಅಲ್ಲಿ ರಂಜಕ ಇಳಿದ ಮೇಲೆ ಮೇಲ್ಭಾಗದ ಸಿಹಿನೀರಿನಲ್ಲಿ ಪಾಚಿ ತಗ್ಗಿತು. ಅದು ಬಳಸದೆ ಬಿಟ್ಟ ಸಾರಜನಕ ಕೆಳಕ್ಕೆ ಹರಿದು, ಅಳಿವೆಯ ಪಾಚಿಗೆ ಗೊಬ್ಬರವಾಯಿತು.